ಎಸೆದ ರಾಜರು ಮರಳಿ ಬಂದ ರಾತ್ರಿ

ಶನಿವಾರ ರಾತ್ರಿ ಒಂದು ಗಂಟೆಯ ಸುಮಾರಿಗೆ ಫೋನ್ ಬಂತು. ಒಕ್ಲಹೋಮಾದಿಂದ ಟೆಕ್ಸಾಸಿಗೆ ಮರಳುವ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿಕೊಂಡು ಗೆಳೆಯ ಮಾತನಾಡುತ್ತಿದ್ದ. ದನಿಯಲ್ಲಿ ಸೋತವನ ಸಂಕಟಕ್ಕಿಂತ ಲೆಕ್ಕ ತಾಳೆಯಾಗದವನ ತಳಮಳವೇ ಹೆಚ್ಚಾಗಿತ್ತು.

“ಅಣ್ಣ, ನಾನು ತಪ್ಪು ಮಾಡಿದೆ. ಯಂತ್ರ ಅದನ್ನು ತಿದ್ದಿ ನನಗೆ ದುಡ್ಡು ಕೊಟ್ಟಿತು. ಹಾಗಾದರೆ ಇಷ್ಟು ದಿನ ನಾನು ಸರಿಯಾಗಿ ಆಡಿದಾಗಲೆಲ್ಲ ಅದು ಏನು ಮಾಡುತ್ತಿತ್ತು?”

ನಡೆದದ್ದು ಇಷ್ಟು. ಕ್ಯಾಸಿನೊ ಒಂದರ ವಿಡಿಯೊ ಪೋಕರ್ ಯಂತ್ರದಲ್ಲಿ ಅವನಿಗೆ ಐದು ಇಸ್ಪೀಟೆಲೆ ಬಂದಿದ್ದವು. ಅವುಗಳಲ್ಲಿ ಮೂರು ರಾಜರು. ಆ ಮೂರನ್ನು ಹಿಡಿದಿಟ್ಟು ಉಳಿದ ಎರಡನ್ನು ಮಾತ್ರ ಬದಲಿಸಬೇಕಿತ್ತು. ಪಕ್ಕದಲ್ಲಿ ಯಾರೋ ಕರೆದರೆಂದು ತಿರುಗಿದವನು ಹಿಡಿದಿಡುವ ಗುಂಡಿಗಳನ್ನು ಒತ್ತದೆ ನೇರವಾಗಿ ಎಲೆ ಬದಲಿಸುವ ಗುಂಡಿ ಒತ್ತಿಬಿಟ್ಟ. ಐದೂ ಹೋದವು. ಹೊಸದಾಗಿ ಬಂದ ಐದು ಎಲೆಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ. ಅವನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಒಂದು ಮಂತ್ರದಂಡ ಆಡಿತು, ನಕ್ಷತ್ರಗಳು ಉದುರಿದವು, ಮೂರು ಎಲೆಗಳು ಮಗುಚಿ ಮತ್ತೆ ಮೂರು ರಾಜರಾದವು. ಹದಿನೈದು ನಾಣ್ಯದ ಬಹುಮಾನ ಅವನ ಖಾತೆಗೆ ಬಿತ್ತು. ಆಗ ಅವನಿಗೆ ಖುಷಿಯೇ ಆಯಿತಂತೆ. ರೆಡ್ ನದಿಯ ಸೇತುವೆ ಹತ್ತಿರವಾಗುವಾಗ ಆ ಖುಷಿ ಇಳಿದು ಅನುಮಾನ ಹತ್ತಿತು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನ ಹೆಸರಾಗಲಿ ಆ ಕ್ಯಾಸಿನೊದ ಹೆಸರಾಗಲಿ ಇಲ್ಲಿ ಬೇಡ. ಮೈಸೂರಿನ ಕಡೆಯವನು, ಡಾಲಸ್ ಪಕ್ಕದ ಪ್ಲೇನೊದಲ್ಲಿ ಸಾಫ್ಟ್‌ವೇರ್ ಕೆಲಸ. ಟೆಕ್ಸಾಸಿನಲ್ಲಿ ಲಾಸ್ ವೇಗಸ್ ಮಾದರಿಯ ಖಾಸಗಿ ಕ್ಯಾಸಿನೊಗಳಿಗೆ ಅನುಮತಿಯಿಲ್ಲ. ನದಿ ದಾಟಿದರೆ ಒಕ್ಲಹೋಮಾ. ಅಲ್ಲಿ ಮೂಲನಿವಾಸಿ ಬುಡಕಟ್ಟುಗಳು ನಡೆಸುವ ಕ್ಯಾಸಿನೊಗಳು ನೂರಕ್ಕೂ ಹೆಚ್ಚಿವೆ. ವಾರಾಂತ್ಯದಲ್ಲಿ ಉತ್ತರಕ್ಕೆ ಹೊರಡುವ ಕಾರುಗಳಲ್ಲಿ ನಮ್ಮವರ ಕಾರುಗಳೂ ಸಾಕಷ್ಟು ಇರುತ್ತವೆ.

ಅವನು ಜೂಜಿನ ಹುಚ್ಚಿನವನಲ್ಲ. ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಸ್ಲಾಟ್ ಯಂತ್ರದ ಮುಂದೆ ಅವನು ಒಂದು ದಿನವೂ ಕೂತಿಲ್ಲ. “ಅದು ಬರೀ ಅದೃಷ್ಟ, ನನ್ನ ಬುದ್ಧಿಗೆ ಅಲ್ಲಿ ಕೆಲಸವಿಲ್ಲ” ಎನ್ನುತ್ತಿದ್ದ. ವಿಡಿಯೊ ಪೋಕರ್ ಬೇರೆ ಎನ್ನುವುದು ಅವನ ವಾದ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ನಮ್ಮ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆಯಲ್ಲ, ಇದೂ ಅದೇ ಜಾತಿಯದು ಎಂದು ಹೆಂಡತಿಗೆ ಸಮಜಾಯಿಷಿ ಕೊಡುತ್ತಿದ್ದ. ಸರಿಯಾದ ಯಂತ್ರದ ಮಟ್ಟಿಗೆ ಅವನ ವಾದದಲ್ಲಿ ಹುರುಳಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲವಾದರೆ ಅವನಿಗೆ ಆದ ಪೆಟ್ಟು ಅರ್ಥವಾಗುವುದಿಲ್ಲ.

ವಿಡಿಯೊ ಪೋಕರ್ ಎಂದರೆ 52 ಎಲೆಯ ಒಂದು ಕಟ್ಟು. ಅದರಿಂದ ಐದು ಎಲೆ ಬರುತ್ತವೆ, ಬೇಕಾದವನ್ನು ಇಟ್ಟುಕೊಂಡು ಬೇಡದವನ್ನು ಒಮ್ಮೆ ಬದಲಿಸಬಹುದು, ಕೊನೆಗೆ ಕೈಯಲ್ಲಿ ಉಳಿದ ಜೋಡಣೆಗೆ ಯಂತ್ರದ ಮೇಲೆ ಬರೆದಿರುವ ಪಟ್ಟಿಯಂತೆ ಹಣ. 52 ಎಲೆಗಳಿಂದ ಐದನ್ನು ಆರಿಸುವ ದಾರಿಗಳು 25,98,960. ಎಲೆಗಳು ನಿಜವಾದ ಕಟ್ಟಿನಂತೆಯೇ ಬೀಳುತ್ತವೆ ಎಂದಾದರೆ, ಬಹುಮಾನದ ಪಟ್ಟಿಯೊಂದನ್ನು ನೋಡಿಯೇ ಆ ಯಂತ್ರ ದೀರ್ಘಾವಧಿಯಲ್ಲಿ ಎಷ್ಟು ಹಿಂತಿರುಗಿಸುತ್ತದೆ ಎಂದು ಎರಡು ದಶಮಾಂಶದವರೆಗೆ ಲೆಕ್ಕ ಹಾಕಬಹುದು. ಸ್ಲಾಟ್ ಯಂತ್ರದಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಒಂದೇ ಬಣ್ಣ, ಒಂದೇ ಚಿತ್ರ, ಒಂದೇ ಹಾಡಿನ ಎರಡು ಪೆಟ್ಟಿಗೆಗಳ ಒಳಗಿನ ಲೆಕ್ಕ ಬೇರೆ ಬೇರೆ ಇರಬಹುದು. ಹೊರಗಿನಿಂದ ನೋಡುವವನಿಗೆ ತಿಳಿಯುವುದಿಲ್ಲ.

‘ಜಾಕ್ಸ್ ಆರ್ ಬೆಟರ್’ ಎಂಬ ಹಳೆಯ ಆಟವನ್ನು ಅವನು ಆರಿಸಿಕೊಂಡಿದ್ದ. ಗುಲಾಮರ ಜೋಡಿ ಅಥವಾ ಅದಕ್ಕಿಂತ ದೊಡ್ಡದು ಬಂದರೆ ಹಣ. ಈ ಆಟದಲ್ಲಿ ಕಣ್ಣಿಡಬೇಕಾದದ್ದು ಬಹುಮಾನದ ಪಟ್ಟಿಯ ಎರಡೇ ಸಾಲಿನ ಮೇಲೆ: ಫುಲ್ ಹೌಸ್ (ಒಂದೇ ಬೆಲೆಯ ಮೂರು ಎಲೆ, ಜೊತೆಗೊಂದು ಜೋಡಿ) ಮತ್ತು ಫ್ಲಷ್ (ಐದೂ ಎಲೆ ಒಂದೇ ಗುರುತಿನವು). ಅವಕ್ಕೆ ಒಂದು ನಾಣ್ಯಕ್ಕೆ 9 ಮತ್ತು 6 ಕೊಟ್ಟರೆ, ತಪ್ಪಿಲ್ಲದೆ ಆಡುವವನಿಗೆ ಶೇ 99.54 ಮರಳುತ್ತದೆ. 8 ಮತ್ತು 5 ಕೊಟ್ಟರೆ ಶೇ 97.30. 7 ಮತ್ತು 5 ಆದರೆ ಶೇ 96.15. ಕಾಲು ಡಾಲರಿನ ಐದು ನಾಣ್ಯ, ಅಂದರೆ ಆಟಕ್ಕೆ ಒಂದೂಕಾಲು ಡಾಲರ್; ಗಂಟೆಗೆ 600 ಆಟ. ಪಣಕ್ಕೆ ಬೀಳುವ ಒಟ್ಟು ಮೊತ್ತ ಗಂಟೆಗೆ 750 ಡಾಲರ್. 9/6 ಯಂತ್ರದಲ್ಲಿ ಸರಾಸರಿ ನಷ್ಟ ಗಂಟೆಗೆ ಮೂರೂವರೆ ಡಾಲರ್, 8/5ರಲ್ಲಿ ಇಪ್ಪತ್ತು, 7/5ರಲ್ಲಿ ಇಪ್ಪತ್ತೊಂಬತ್ತು. ಮೂರೂವರೆ ಡಾಲರಿಗೆ ಒಂದು ಗಂಟೆಯ ಮನರಂಜನೆ ಎಂದರೆ ಕಾಫಿಗಿಂತ ಅಗ್ಗ ಎಂದು ಅವನು ಹೇಳುತ್ತಿದ್ದದ್ದು ಲೆಕ್ಕದ ಪ್ರಕಾರ ಸರಿ.

ಆದರೆ ಆ 99.54 ಸುಮ್ಮನೆ ಸಿಗುವುದಿಲ್ಲ, ಕಲಿಯಬೇಕು. ರಾಣಿಯರ ಜೋಡಿಯೂ ಒಂದೇ ಗುರುತಿನ ನಾಲ್ಕು ಎಲೆಗಳೂ ಒಟ್ಟಿಗೆ ಬಂದರೆ ಜೋಡಿಯನ್ನೇ ಇಟ್ಟುಕೊಳ್ಳಬೇಕು; ಜೋಡಿ ಆರರದ್ದಾದರೆ ಅದನ್ನು ಮುರಿದು ಫ್ಲಷ್‌ಗೆ ಹೋಗಬೇಕು. ಸಿದ್ಧವಾಗಿ ಬಂದ ಫ್ಲಷ್ ಒಳಗೆ ರಾಯಲ್ ಫ್ಲಷ್‌ನ (ಒಂದೇ ಗುರುತಿನ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ) ನಾಲ್ಕು ಎಲೆಗಳಿದ್ದರೆ, ಕೈಯಲ್ಲಿರುವ ಬಹುಮಾನವನ್ನು ಬಿಟ್ಟು ಐದನೆಯದಕ್ಕೆ ಪ್ರಯತ್ನಿಸಬೇಕು. ಇಂತಹ ಹತ್ತಾರು ತೀರ್ಮಾನಗಳು ಕಣ್ಣು ಮಿಟುಕಿಸುವುದರೊಳಗೆ ಆಗಬೇಕು. ಮೂರು ತಿಂಗಳು, ಮಗು ಮಲಗಿದ ಮೇಲೆ, ದಿನಕ್ಕೆ ಅರ್ಧ ಗಂಟೆ ಮೊಬೈಲಿನಲ್ಲಿ ಅಭ್ಯಾಸ ಮಾಡಿದ್ದ. ಸಂಗೀತ ಕಲಿಯುವವರು ಸರಳೆವರಸೆ ಮಾಡುವಂತೆ. ನಾನೇ ಕಣ್ಣಾರೆ ನೋಡಿದ್ದೇನೆ. ನೂರು ಕೈಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ.

ಹೀಗೆ ಸಿದ್ಧನಾದವನು ನದಿಯಾಚೆಯ ಕ್ಯಾಸಿನೊದಲ್ಲಿ 9/6 ಪಟ್ಟಿಯ ಯಂತ್ರಗಳ ಒಂದು ಸಾಲು ಕಂಡು ಅಲ್ಲೇ ಕುಳಿತ. ಆರು ಭೇಟಿಗಳು. ಪ್ರತಿ ಭೇಟಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಒಟ್ಟು ಸುಮಾರು 14,000 ಆಟ, ಪಣಕ್ಕೆ ಬಿದ್ದದ್ದು 17,500 ಡಾಲರ್, ನಷ್ಟ 740 ಡಾಲರ್. ನಿರೀಕ್ಷಿತ ನಷ್ಟ 80 ಡಾಲರ್ ಎಂದು ಅದೇ ಪುಟದ ಮೇಲ್ಭಾಗದಲ್ಲಿ ಬರೆದುಕೊಂಡಿದ್ದ.

ಎಂಬತ್ತೆಲ್ಲಿ, ಏಳುನೂರ ನಲವತ್ತೆಲ್ಲಿ! ಮೋಸವಾಗಿದೆ ಎಂದು ಯಾರಿಗಾದರೂ ಅನಿಸುತ್ತದೆ. ಅವನಿಗೆ ಮಾತ್ರ ಅನಿಸಿರಲಿಲ್ಲ, ಮತ್ತು ಅಲ್ಲಿಯೇ ಈ ಪ್ರಕರಣದ ಸೂಕ್ಷ್ಮವಿದೆ. ರಾಯಲ್ ಫ್ಲಷ್ ಬರುವುದು ಸರಾಸರಿ 40,000 ಆಟಕ್ಕೊಮ್ಮೆ. ಐದು ನಾಣ್ಯಕ್ಕೆ 4,000 ನಾಣ್ಯ ಕೊಡುವ ಆ ಒಂದೇ ಕೈ 99.54 ಅಂಶಗಳಲ್ಲಿ ಹತ್ತಿರ ಹತ್ತಿರ ಎರಡು ಅಂಶಗಳನ್ನು ತಾನೇ ಹೊತ್ತಿರುತ್ತದೆ. 14,000 ಆಟದಲ್ಲಿ ಅದು ಒಮ್ಮೆಯೂ ಬಾರದಿರುವ ಸಾಧ್ಯತೆ ಶೇ 70ರಷ್ಟಿದೆ. ಬಾರದಿದ್ದರೆ ನಿರೀಕ್ಷಿತ ನಷ್ಟ 80ರಿಂದ 425 ಡಾಲರಿನ ಆಸುಪಾಸಿಗೆ ಏರುತ್ತದೆ. ಅಲ್ಲಿಂದ ಆಚೆಗೂ ಈಚೆಗೂ ಮುನ್ನೂರು ಡಾಲರ್ ಏರಿಳಿತ ತೀರಾ ಸಹಜ. ಹಾಗಾಗಿ 740 ಎಂಬ ಸಂಖ್ಯೆ ಏನನ್ನೂ ಸಾಬೀತು ಮಾಡುವುದಿಲ್ಲ. ಯಂತ್ರ ಅವನು ತಿಳಿದಂತೆಯೇ ಇದ್ದಿದ್ದರೂ ಅಷ್ಟು ಹೋಗಬಹುದಿತ್ತು. ಗಣಿತ ಬಲ್ಲವನನ್ನು ಗಣಿತವೇ ಸಮಾಧಾನಪಡಿಸಿ ಕೂರಿಸಿತ್ತು. ಕೈ ತಪ್ಪಿ ಒತ್ತಿದ ಆ ಒಂದು ಗುಂಡಿ ಇಲ್ಲದಿದ್ದರೆ ಅವನು ಇನ್ನೂ ಒಂದು ವರ್ಷ ಹಾಗೆಯೇ ಆಡುತ್ತಿದ್ದ ಎಂದೇ ನನ್ನ ನಂಬಿಕೆ.

ಮುಂದಿನ ಶನಿವಾರ ನಾನೂ ಜೊತೆಗೆ ಹೋದೆ. ಹಗಲಲ್ಲೇ ಹೊರಟೆವು. ಅವನು ಕೂರುತ್ತಿದ್ದ ಯಂತ್ರದ ಮುಂದೆ ನಿಂತು ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡಿದೆ. ಕೆಳಗೆ ಒಂದು ತುದಿಯಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ, ಒಂದು ಚೌಕ. ಐದು ಸಾಲು, ಐದು ಕಾಲಂ, ಒಳಗೆ ಇರುವೆಯಂತಹ ಅಂಕಿಗಳು. ಅವನು ಅದನ್ನು ಯಾವುದೋ ಅಲಂಕಾರ ಎಂದುಕೊಂಡಿದ್ದನಂತೆ. ಅಲ್ಲೇ ಓಡಾಡುತ್ತಿದ್ದ, ವಯಸ್ಸಾದ ಸಿಬ್ಬಂದಿ ಮಹಿಳೆಯನ್ನು ಕೇಳಿದೆವು. ಆಕೆ ಏನನ್ನೂ ಮುಚ್ಚಿಡಲಿಲ್ಲ. ಆ ಚೌಕದ ಮೇಲೆ ಬೆರಳಿಟ್ಟರು. ಅದು ಅಂಗೈಯಷ್ಟು ದೊಡ್ಡದಾಯಿತು. “ಇದು ಬಿಂಗೊ. ಈ ಸಾಲಿನಲ್ಲಿರುವುದೆಲ್ಲ ಬಿಂಗೊ. ಇಸ್ಪೀಟು ನೋಡುವುದಕ್ಕೆ ಮಾತ್ರ” ಎಂದರು. ಯಂತ್ರದ ಗಾಜಿನ ಮೇಲೂ ಸಣ್ಣ ಅಕ್ಷರದಲ್ಲಿ ಅದೇ ಮಾತು ಇತ್ತು.

ಬಿಂಗೊ ಎಂದರೆ ನಮಗೆ ಬೇಗ ಅರ್ಥವಾಗುವುದು ತಂಬೋಲದ ಮೂಲಕ. ಯುಗಾದಿಯ ಕೂಟದಲ್ಲಿ ಆಡುತ್ತೇವಲ್ಲ, ಒಬ್ಬರು ಸಂಖ್ಯೆ ಕೂಗುತ್ತಾರೆ, ಚೀಟಿಯಲ್ಲಿದ್ದವರು ಹೊಡೆದುಕೊಳ್ಳುತ್ತಾರೆ, ಮೇಲಿನ ಸಾಲಿಗೊಂದು ಬಹುಮಾನ, ನಾಲ್ಕು ಮೂಲೆಗೊಂದು, ಪೂರ್ತಿ ಮನೆಗೊಂದು. ನಮ್ಮ ತಂಬೋಲದಲ್ಲಿ 90 ಸಂಖ್ಯೆ, ಅಮೆರಿಕದ ಬಿಂಗೊದಲ್ಲಿ 75, ಚೀಟಿಯ ಆಕಾರ ಬೇರೆ, ಉಳಿದಂತೆ ಒಂದೇ. ಗೆಳೆಯ ಗುಂಡಿ ಒತ್ತಿದಾಗ ನಡೆಯುತ್ತಿದ್ದದ್ದು ಇದು: ಅವನ ಯಂತ್ರ ಒಂದು ಸರ್ವರ್ ಮೂಲಕ ಬೇರೆ ಯಂತ್ರಗಳಲ್ಲಿ ಕುಳಿತವರೊಂದಿಗೆ ಒಂದು ಬಿಂಗೊ ಆಟಕ್ಕೆ ಸೇರುತ್ತಿತ್ತು. ಕನಿಷ್ಠ ಇಬ್ಬರು ಬೇಕು. ಅರೆಕ್ಷಣದಲ್ಲಿ ಸಂಖ್ಯೆಗಳು ಬೀಳುತ್ತಿದ್ದವು, ಅವನ ಚೀಟಿಯಲ್ಲಿ ಯಾವ ವಿನ್ಯಾಸ ತುಂಬಿತು ಎಂಬುದರ ಮೇಲೆ ಬಹುಮಾನ ನಿಗದಿಯಾಗುತ್ತಿತ್ತು. ಅದಾದ ಮೇಲೆ ಪರದೆ ಆ ಬಹುಮಾನಕ್ಕೆ ಹೊಂದುವ ಇಸ್ಪೀಟಿನ ನಾಟಕ ತೋರಿಸುತ್ತಿತ್ತು. ಹದಿನೈದು ನಾಣ್ಯ ಎಂದು ಬಿಂಗೊ ಹೇಳಿದೆ. ಆಟಗಾರ ಮೂರು ರಾಜರನ್ನು ಇಟ್ಟುಕೊಂಡರೆ ಸರಿ, ಎಸೆದರೆ ಮಂತ್ರದಂಡ ಬಂದು ತಿದ್ದುತ್ತದೆ. ಬಿಂಗೊ ಸೊನ್ನೆ ಎಂದಿದ್ದರೆ ಅವನು ಎಷ್ಟೇ ಜಾಣತನದಿಂದ ನಾಲ್ಕು ಎಲೆ ಹಿಡಿದಿಟ್ಟರೂ ಐದನೆಯದು ಬರುತ್ತಿರಲಿಲ್ಲ. ರಾತ್ರಿ ಫೋನಿನಲ್ಲಿ ಅವನು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಅವನು ಸರಿಯಾಗಿ ಆಡಿದಾಗಲೂ ಯಂತ್ರ ಏನನ್ನೂ ಮಾಡುತ್ತಿರಲಿಲ್ಲ, ಏಕೆಂದರೆ ಆಡಲು ಅಲ್ಲಿ ಏನೂ ಉಳಿದಿರಲಿಲ್ಲ. 9 ಮತ್ತು 6 ಎಂಬ ಅಂಕಿಗಳಿಗೂ 99.54ಕ್ಕೂ ಅಲ್ಲಿ ಯಾವ ನಂಟೂ ಇರಲಿಲ್ಲ. ಬಿಂಗೊದ ಯಾವ ವಿನ್ಯಾಸ ಎಷ್ಟು ಬಾರಿ ಬರುತ್ತದೆ, ಅದಕ್ಕೆ ಎಷ್ಟು ಎಂಬುದು ಯಂತ್ರ ಮಾಡಿದವರ ಲೆಕ್ಕ.

ಒಂದು ನಿಮಿಷ ಅವನು ಮಾತನಾಡಲಿಲ್ಲ. ಮೂರು ತಿಂಗಳ ರಾತ್ರಿಗಳು ಅವನ ಕಣ್ಣ ಮುಂದೆ ಬಂದಿರಬೇಕು.

ಇಂತಹ ವಿಚಿತ್ರ ಯಂತ್ರ ಏಕಿದೆ ಎಂದು ಹುಡುಕುತ್ತ ಹೋದರೆ ಕಾನೂನಿನ ಬಾಗಿಲು ತೆರೆಯುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಕಬಜಾನ್ ಸಮುದಾಯದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬುಡಕಟ್ಟಿನ ನೆಲದಲ್ಲಿ ನಡೆಯುವ ಬಿಂಗೊವನ್ನು ರಾಜ್ಯ ಸರ್ಕಾರ ತನ್ನ ನಿಯಮಗಳಿಂದ ಕಟ್ಟಿಹಾಕುವಂತಿಲ್ಲ ಎಂದಿತು. ಮರುವರ್ಷವೇ ಸಂಸತ್ತು ಬುಡಕಟ್ಟು ಜೂಜು ನಿಯಂತ್ರಣ ಕಾಯ್ದೆ ತಂದು ಆಟಗಳನ್ನು ಮೂರು ವರ್ಗ ಮಾಡಿತು. ಮೊದಲನೆಯದು ಹಬ್ಬ ಆಚರಣೆಗಳ ಸಾಂಪ್ರದಾಯಿಕ ಆಟಗಳು. ಎರಡನೆಯದು ಬಿಂಗೊ ಮತ್ತು ಅದರ ಬಳಗ. ಎಲೆಕ್ಟ್ರಾನಿಕ್ ಸಾಧನಗಳ ನೆರವು ಪಡೆದರೂ ಅದು ಬಿಂಗೊವೇ ಎಂದು ಕಾಯ್ದೆಯೇ ಹೇಳುತ್ತದೆ. ಮೂರನೆಯ ವರ್ಗದಲ್ಲಿ ಸ್ಲಾಟ್ ಯಂತ್ರ, ರೂಲೆಟ್ ಮತ್ತು ಉಳಿದದ್ದೆಲ್ಲ. ಮೂರನೆಯದಕ್ಕೆ ರಾಜ್ಯದೊಂದಿಗೆ ಒಡಂಬಡಿಕೆ ಬೇಕು. ಎರಡನೆಯದಕ್ಕೆ ಬೇಡ, ಬುಡಕಟ್ಟು ಮತ್ತು ಕೇಂದ್ರದ ಆಯೋಗ ನೋಡಿಕೊಂಡರೆ ಸಾಕು.

ಈ ಎರಡು ವರ್ಗಗಳ ನಡುವಿನ ಗೆರೆಯ ಮೇಲೆ ಎಂಜಿನಿಯರುಗಳು ಕೆಲಸ ಶುರು ಮಾಡಿದರು. ಒಳಗೆ ಬಿಂಗೊ, ಹೊರಗೆ ಸ್ಲಾಟ್. ಮೆಗಾಮೇನಿಯಾ ಎಂಬ ವೇಗದ ಬಿಂಗೊ ಯಂತ್ರಗಳನ್ನು ಕೇಂದ್ರ ಸರ್ಕಾರ ಜೂಜಿನ ಯಂತ್ರಗಳೆಂದು ಕರೆದು ವಶಪಡಿಸಿಕೊಳ್ಳಲು ಹೊರಟಾಗ, ಒಕ್ಲಹೋಮಾದ ಪ್ರಕರಣದಲ್ಲೇ 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಅವು ಎರಡನೆಯ ವರ್ಗದವೇ ಎಂದು ತೀರ್ಪು ಕೊಟ್ಟಿತು. 2004ರ ನವೆಂಬರ್‌ನಲ್ಲಿ ಒಕ್ಲಹೋಮಾದ ಮತದಾರರು ಒಡಂಬಡಿಕೆಯ ಮಾದರಿಯೊಂದನ್ನು ಒಪ್ಪಿದ ಮೇಲೆ ಮೂರನೆಯ ವರ್ಗದ ಯಂತ್ರಗಳೂ ಬಂದವು. ಅವುಗಳ ಆದಾಯದಲ್ಲಿ ರಾಜ್ಯಕ್ಕೆ ಪಾಲು ಸಲ್ಲಬೇಕು: ಮೊದಲ ಒಂದು ಕೋಟಿ ಡಾಲರಿಗೆ ಶೇ 4, ಮುಂದಿನ ಒಂದು ಕೋಟಿಗೆ ಶೇ 5, ಅದರ ಮೇಲೆ ಶೇ 6. ಬಿಂಗೊ ಯಂತ್ರಕ್ಕೆ ಆ ಪಾಲಿಲ್ಲ. ರಾಜ್ಯದೊಂದಿಗೆ ಮನಸ್ತಾಪ ಬಂದ ದಿನ ಬುಡಕಟ್ಟಿಗೆ ಆಸರೆಯಾಗಿ ಉಳಿಯುವುದೂ ಬಿಂಗೊ ಯಂತ್ರವೇ. 2020ರಲ್ಲಿ ಒಡಂಬಡಿಕೆಯ ಅವಧಿ ಮುಗಿಯಿತೆಂದು ಗವರ್ನರ್ ಕೆವಿನ್ ಸ್ಟಿಟ್ ವಾದಿಸಿದಾಗ, ಅದು ತಾನಾಗಿ ನವೀಕರಣಗೊಂಡಿದೆ ಎಂದು ಕೇಂದ್ರ ನ್ಯಾಯಾಲಯ ಹೇಳುವವರೆಗೆ ಆ ಆತಂಕ ನಿಜವಾಗಿಯೇ ಇತ್ತು.

ಹಾಗಾಗಿ ಒಂದೇ ಸೂರಿನಡಿ, ಒಂದೇ ಮುಖದ ಎರಡು ಜಾತಿಯ ಯಂತ್ರಗಳು ಅಕ್ಕಪಕ್ಕ ನಿಂತಿವೆ. ಒಡಂಬಡಿಕೆಯಲ್ಲಿ ಒಂದು ಬಗೆಯ ಯಂತ್ರಕ್ಕೆ ಕೊಟ್ಟಿರುವ ವ್ಯಾಖ್ಯಾನ ಓದಿದಾಗ ನನಗೆ ಬೇಸರವೇ ಆಯಿತು: ಆಟಗಾರನ ಕೌಶಲದಿಂದ ಗೆಲ್ಲುವ ಅವಕಾಶ ಹೆಚ್ಚಿಸಿಕೊಳ್ಳಬಹುದಾದ ಎಲೆಕ್ಟ್ರಾನಿಕ್ ಆಟ. ಗೆಳೆಯ ನಂಬಿಕೊಂಡಿದ್ದ ಅದೇ ಮಾತು ಕಾನೂನಿನ ಪುಟದಲ್ಲಿತ್ತು. ಅವನು ಕುಳಿತ ಸಾಲು ಮಾತ್ರ ಬೇರೆ.

ಬುಡಕಟ್ಟಿನವರನ್ನು ದೂರಲು ನನ್ನ ಮನಸ್ಸು ಒಪ್ಪುವುದಿಲ್ಲ. 1830ರ ಸ್ಥಳಾಂತರ ಕಾಯ್ದೆಯ ನಂತರ ಚಾಕ್ಟಾ, ಚಿಕಸಾ, ಚೆರೋಕಿ, ಮಸ್ಕೋಗಿ, ಸೆಮಿನೋಲ್ ಜನರನ್ನು ಆಗ್ನೇಯದ ಊರುಗಳಿಂದ ಎಬ್ಬಿಸಿ ಈ ನೆಲಕ್ಕೆ ಅಟ್ಟಲಾಯಿತು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಒಕ್ಲಹೋಮಾ ಎಂಬ ಹೆಸರೇ ಚಾಕ್ಟಾ ನುಡಿಯದು, ಕೆಂಪು ಜನ ಎಂದು ಅರ್ಥ. ಕ್ಯಾಸಿನೊದ ನಿವ್ವಳ ಆದಾಯವನ್ನು ಬುಡಕಟ್ಟಿನ ಆಡಳಿತ, ಜನರ ಕ್ಷೇಮ, ಆರ್ಥಿಕ ಅಭಿವೃದ್ಧಿ, ದಾನ, ಸ್ಥಳೀಯ ಸಂಸ್ಥೆಗಳ ನೆರವು ಇವುಗಳಿಗೇ ಬಳಸಬೇಕೆಂದು 1988ರ ಕಾಯ್ದೆ ಕಟ್ಟುಪಾಡು ಹಾಕಿದೆ. ಆ ಹಣದಲ್ಲಿ ಆಸ್ಪತ್ರೆ, ಶಾಲೆ, ಅಳಿಯುತ್ತಿರುವ ನುಡಿಯ ಪಾಠ ನಡೆಯುತ್ತವೆ.

ಆದರೂ ಆ ಉಗುರಿನಷ್ಟು ಚೌಕದ ವಿಷಯದಲ್ಲಿ ನನ್ನ ತಕರಾರು ಇದೆ. ಇಂತಹ ಯಂತ್ರಗಳಲ್ಲಿ ಬಿಂಗೊ ಚೀಟಿ ದೊಡ್ಡದಾಗಿ ಕಾಣಬೇಕು, ಇದು ಬಿಂಗೊ ಎಂದು ದಪ್ಪ ಅಕ್ಷರದಲ್ಲಿ ಬರೆದಿರಬೇಕು ಎಂಬ ಪ್ರಸ್ತಾವವನ್ನು ಕೇಂದ್ರದ ಆಯೋಗ 2006-07ರ ಸುಮಾರಿಗೆ ಮುಂದಿಟ್ಟಿತ್ತು. ಆಟ ನಿಧಾನಗೊಳಿಸುವ ಬೇರೆ ಷರತ್ತುಗಳೂ ಅದರಲ್ಲಿ ಸೇರಿದ್ದವು. ಆದಾಯ ಕುಸಿಯುತ್ತದೆ ಎಂದು ಬುಡಕಟ್ಟುಗಳು ಬಲವಾಗಿ ವಿರೋಧಿಸಿದವು, ಆ ವರ್ಗೀಕರಣದ ನಿಯಮಗಳು ಜಾರಿಗೆ ಬರಲಿಲ್ಲ. ಆಟದ ವೇಗದ ವಿಷಯದಲ್ಲಿ ಅವರ ಆಕ್ಷೇಪ ನನಗೆ ಅರ್ಥವಾಗುತ್ತದೆ. ಅಕ್ಷರದ ಗಾತ್ರದ ವಿಷಯದಲ್ಲಿ ಆಗುವುದಿಲ್ಲ. ಸ್ಲಾಟ್ ಆಡುವವನಿಗೆ ಒಳಗೆ ಬಿಂಗೊ ಇದ್ದರೂ ಒಂದೇ, ಬೇರೇನಿದ್ದರೂ ಒಂದೇ. ಅವನು ಹೇಗೂ ಏನನ್ನೂ ತೀರ್ಮಾನಿಸುವುದಿಲ್ಲ. ಪೋಕರ್‌ನಲ್ಲಿ ಪರದೆ ನಿಮ್ಮನ್ನು ಕೇಳುತ್ತದೆ: ಯಾವುದನ್ನು ಇಟ್ಟುಕೊಳ್ಳುತ್ತೀರಿ? ಕೇಳಿದ ಮೇಲೆ ಉತ್ತರಕ್ಕೆ ಬೆಲೆ ಇರಬೇಕು. ಬೆಲೆ ಇಲ್ಲದಿದ್ದರೆ ಅದನ್ನು ಕಣ್ಣಿಗೆ ಕಾಣುವಂತೆ ಹೇಳಬೇಕು.

ಅಂದು ಅವನ ಹೆಂಡತಿಯೂ ಬಂದಿದ್ದಳು. ನಾವು ಬಿಂಗೊ ಚೌಕದ ಮುಂದೆ ನಿಂತಿದ್ದಾಗ ಆಕೆ ಪಕ್ಕದ ಸ್ಲಾಟ್ ಯಂತ್ರದಲ್ಲಿ ಇಪ್ಪತ್ತು ಡಾಲರ್ ಹಾಕಿ ಆಡುತ್ತಿದ್ದಳು. ಒಂದು ಸುತ್ತಿಗೆ 60 ಸೆಂಟ್. ಗಂಟೆ ಮೊಳಗಿತು, ದೀಪಗಳು ಕುಣಿದವು, ಗೆದ್ದೆ ಎಂದು ಕರೆದಳು. ಹೋಗಿ ನೋಡಿದರೆ ಗೆದ್ದದ್ದು 18 ಸೆಂಟ್. ಅಂದರೆ 42 ಸೆಂಟ್ ಸೋಲು. ಹತ್ತಾರು ಸಾಲುಗಳ ಮೇಲೆ ಒಟ್ಟಿಗೆ ಪಣ ಕಟ್ಟಿಸುವ ಇಂದಿನ ಸ್ಲಾಟ್‌ಗಳಲ್ಲಿ ಹೀಗೆ ಸೋಲಿಗೂ ಗೆಲುವಿನ ಸಂಗೀತವೇ ಕೇಳಿಸುತ್ತದೆ. ಇಪ್ಪತ್ತು ಡಾಲರ್ ಮುಗಿದ ಕೂಡಲೇ ಆಕೆ ಎದ್ದಳು. ಮೂರು ತಿಂಗಳು ಕಲಿತವನಿಗಿಂತ ಆಕೆಯ ನಷ್ಟ ಕಡಿಮೆ.

ದೂರು ಕೊಡಬಹುದೇ ಎಂದು ಗೆಳೆಯ ಕೇಳಿದ. ಗಾಜಿನ ಮೇಲೆ ಬರೆದಿರುವುದರಿಂದ ದೂರಿಗೆ ಆಧಾರವಿರಲಿಲ್ಲ. ಇದ್ದಿದ್ದರೂ ಹಾದಿ ಸುಲಭವಲ್ಲ. ಬುಡಕಟ್ಟುಗಳು ಸಾರ್ವಭೌಮ, ಅವುಗಳ ಒಪ್ಪಿಗೆಯಿಲ್ಲದೆ ರಾಜ್ಯದ ನ್ಯಾಯಾಲಯದಲ್ಲಿ ದಾವೆ ನಿಲ್ಲುವುದು ಅಪರೂಪ. ನ್ಯೂ ಮೆಕ್ಸಿಕೊದ ಬುಡಕಟ್ಟು ಕ್ಯಾಸಿನೊ ಒಂದರಲ್ಲಿ 2006ರಲ್ಲಿ ಸ್ಲಾಟ್ ಯಂತ್ರ ಹದಿನೈದು ಲಕ್ಷ ಡಾಲರಿಗೂ ಹೆಚ್ಚು ಗೆಲುವು ತೋರಿಸಿತು. ಯಂತ್ರ ಕೆಟ್ಟಿತ್ತು ಎಂದು ಹಣ ಕೊಡಲಿಲ್ಲ. ಆಟಗಾರನ ದಾವೆ 2010ರಲ್ಲಿ ಇದೇ ಕಾರಣಕ್ಕೆ ಬಿದ್ದುಹೋಯಿತು.

ಸಿಬ್ಬಂದಿಯ ಆ ಹಿರಿಯ ಮಹಿಳೆಯೇ ನಮ್ಮನ್ನು ಹಾಲಿನ ಇನ್ನೊಂದು ತುದಿಗೆ ಕರೆದೊಯ್ದರು. ಅಲ್ಲಿ ಎಂಟು ಪೋಕರ್ ಯಂತ್ರಗಳಿದ್ದವು. ಬಿಂಗೊ ಚೌಕವಿಲ್ಲ. ಸಹಾಯದ ಪುಟದಲ್ಲಿ, ಪ್ರತಿ ಆಟಕ್ಕೂ 52 ಎಲೆಯ ಕಟ್ಟನ್ನು ಹೊಸದಾಗಿ ಕಲೆಸಲಾಗುತ್ತದೆ ಎಂದು ಸ್ಪಷ್ಟವಾಗಿತ್ತು. ಬಹುಮಾನದ ಪಟ್ಟಿ 7 ಮತ್ತು 5. ಗಂಟೆಗೆ ಇಪ್ಪತ್ತೊಂಬತ್ತು ಡಾಲರ್ ನಷ್ಟದ ಯಂತ್ರ. ಕೆಟ್ಟ ಪಟ್ಟಿ, ಆದರೆ ನಿಜವಾದ ಪಟ್ಟಿ.

ಅವನು ಅಲ್ಲಿ ಒಂದು ಗಂಟೆ ಆಡಿದ. ಒಮ್ಮೆ ಬೇಕೆಂದೇ, ಕಡಿಮೆ ಪಣದಲ್ಲಿ, ಕೈಗೆ ಬಂದ ರಾಣಿಯರ ಜೋಡಿಯನ್ನು ಎಸೆದು ನೋಡಿದ. ಹೊಸ ಎಲೆಗಳು ಬಂದವು, ಏನೂ ಆಗಲಿಲ್ಲ, ಮಂತ್ರದಂಡ ಬರಲಿಲ್ಲ, ಕಾಲು ಡಾಲರ್ ಹೋಯಿತು. ಅವನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ನೆಮ್ಮದಿ ಕಂಡಿತು. ಎದ್ದು ಬರುವಾಗ ನೋಟ್‌ಬುಕ್ ತೆಗೆದು, ದಿನಾಂಕದ ಪಕ್ಕದಲ್ಲಿ, ಬಹುಮಾನದ ಪಟ್ಟಿಯ ಕಾಲಂಗಿಂತ ಮೊದಲು, ಇನ್ನೊಂದು ಗೆರೆ ಎಳೆದು ಹೊಸ ಕಾಲಂ ಮಾಡಿದ. ಅದರ ತಲೆಯ ಮೇಲೆ ಬರೆದದ್ದು: “ಚೌಕ ಇದೆಯೇ?”